ಸ್ಟೇಷನ್ ನೀರಿನ ಬೇಳೆ

ರೈಲ್ವೆ ಸ್ಟೇಷನ್ ಇರುವುದು ಪ್ರಯಾಣಕ್ಕೆ ಎಂದು ತಿಳಿದವರು ಒಮ್ಮೆ ನಮ್ಮ ಅಫಜಲಪುರದ ಕಡೆಗೆ ಬರಬೇಕು. ನಮ್ಮೂರಲ್ಲಿ ಎಕ್ಸ್‌ಪ್ರೆಸ್ ಗಾಡಿಗಳು ಧೂಳೆಬ್ಬಿಸಿ ಹೋಗುತ್ತವೆ. ನಿಲ್ಲುವುದು ಪ್ಯಾಸೆಂಜರ್ ಒಂದೇ, ಅದೂ ಒಲ್ಲದ ಮನಸ್ಸಿನಿಂದ. ನಾನು ರೈಲು ಹತ್ತಿ ವರ್ಷಗಳೇ ಆದವು. ಆದರೂ ವಾರಕ್ಕೆರಡು ಸಲ ಸ್ಟೇಷನ್ನಿಗೆ ಹೋಗುತ್ತೇನೆ, ನೀರಿಗೆ.

ಉಗಿಬಂಡಿಯ ಕಾಲದಲ್ಲಿ ಎಂಜಿನ್ನಿಗೆ ಗಡಸು ನೀರು ಆಗಿಬರುವುದಿಲ್ಲವೆಂದು ಹುಡುಕಿ ಹುಡುಕಿ ಅಲ್ಲೊಂದು ಬಾವಿ ತೋಡಿದ್ದರಂತೆ. ಎಂಜಿನ್ ಹೋಯಿತು, ಸಿಹಿನೀರು ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಉಳಿಯಿತು. ತೊಗರಿಯ ನಾಡಿನಲ್ಲಿ ಹುಟ್ಟಿದ ನಮ್ಮ ದುರ್ದೈವ ನೋಡಿ, ಊರಿನ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ. ಕುಕ್ಕರ್ ಕೂಗಿ ಕೂಗಿ ಸುಸ್ತಾಗುತ್ತದೆ, ಬೇಳೆ ಹಟ ಬಿಡುವುದಿಲ್ಲ.

ಹೋದ ವರ್ಷ ಮಗಳನ್ನು ನೋಡಲು ಆಳಂದದಿಂದ ಬರುವವರಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು, ಅಲ್ಲಿಯವರೆಗೆ ಬಂದ ಸಂಬಂಧಗಳನ್ನೆಲ್ಲ ಬೇಡವೆಂದವಳು, ಈ ಸಲ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪಾ, ಹುಡುಗ ನನಗ ಒಪ್ಪಿಗಿ ಆಗ್ಯಾನ. ಬ್ಯಾಳಿ ಒಂದು ನೀ ನೋಡ್ಕೋ" ಎಂದಳು. ಎರಡು ಕ್ಯಾನ್ ಹಿಡಿದು ಓಡಿದೆ. ನೀರಿಗೇ ಬಂದೆನೆನ್ನಲು ಸಂಕೋಚವಾಗಿ ಪ್ಲಾಟ್‌ಫಾರ್ಮ್ ಟಿಕೆಟ್ ಬೇರೆ ಕೊಂಡೆ.

"ಯಾರನ್ನ ಕರ್ಕೊಂಡು ಹೋಗಾಕ ಬಂದೀರಿ?" ಎಂದರು ಹೊಸ ಸ್ಟೇಷನ್ ಮಾಸ್ತರರು.

"ಬೀಗರು ಬರಾಕತ್ತಾರ್ರಿ."

ಅವರು ಕ್ಯಾನುಗಳನ್ನು ನೋಡಿದರು. "ಇದರಾಗ ತುಂಬ್ಕೊಂಡು ಹೋಗ್ತೀರೇನ್ರಿ ಬೀಗರನ್ನ?"

ಮಧ್ಯಾಹ್ನ ಊಟಕ್ಕೆ ಕುಳಿತಾಗ ಹುಡುಗನ ತಾಯಿ ರೊಟ್ಟಿ ಮುರಿದು, ಬೇಳೆಯನ್ನು ಬೆರಳಲ್ಲಿ ಹಿಸುಕಿ, ಕಣ್ಣು ಮುಚ್ಚಿ ತಿಂದರು. "ಬ್ಯಾಳಿ ಬೆಣ್ಣಿ ಆಗ್ಯಾದಲ್ರಿ."

"ಎಲ್ಲಾ ಮಗಳ ಕೈಗುಣರಿ" ಎಂದೆ. ಮಗಳು ನೆಲ ನೋಡಿದಳು. ಅವಳು ಅಂದು ಅಡುಗೆಮನೆಗೆ ಹೋಗಿದ್ದು ಫೋನ್ ಚಾರ್ಜಿಗೆ ಹಾಕಲು.

ಹುಡುಗನ ತಾಯಿ ನಕ್ಕರು. "ಬಿಡ್ರಿ. ನಾ ಸಣ್ಣಾಕಿ ಇದ್ದಾಗ ನಮ್ಮಪ್ಪ ಇದ ಸ್ಟೇಷನ್ದಾಗ ಪೋರ್ಟರ್ ಇದ್ರು. ಈ ನೀರಿನ ರುಚಿ ನನಗ ಗೊತ್ತಾಗಂಗಿಲ್ಲೇನು?" ಎನ್ನುತ್ತಲೇ ಚೀಲದಿಂದ ಖಾಲಿ ಕ್ಯಾನೊಂದನ್ನು ತೆಗೆದು ನನ್ನ ಮುಂದಿಟ್ಟರು. "ಆಳಂದದಾಗೂ ಬ್ಯಾಳಿ ಕುದಿಯಂಗಿಲ್ರಿ."

ನಾನು ಊಟ ಬಿಟ್ಟೆದ್ದು ಉಳಿದಿದ್ದ ನೀರನ್ನೆಲ್ಲ ಆ ಕ್ಯಾನಿಗೆ ಸುರಿದೆ. ಸಂಬಂಧ ಕುದುರಿತು, ಮದುವೆಯೂ ಆಯಿತು. ಈಗ ನಾನು ನಲ್ಲಿಯ ಹತ್ತಿರ ಆಳಂದದ್ದೂ ಸೇರಿ ಮೂರು ಕ್ಯಾನ್ ಇಳಿಸಿದರೆ ಸಾಕು, ಮಾಸ್ತರರು ಟಿಕೆಟ್ ಕೇಳುವುದಿಲ್ಲ. "ಬೀಗರು ಬಂದಾರಂತ ಕಾಣ್ತದ" ಎನ್ನುತ್ತಾರೆ. ಆಳಂದದ ಓಣಿಯಲ್ಲೆಲ್ಲ ನನ್ನ ಮಗಳ ಕೈಗುಣ ಹೆಸರಾಗಿದೆಯಂತೆ. ನನ್ನ ಭುಜದ ನೋವಿಗೆ ಎಣ್ಣೆ ಹಚ್ಚುವಾಗ ಹೆಂಡತಿ ಆ ಸುದ್ದಿಯನ್ನು ಬಹಳ ಹೆಮ್ಮೆಯಿಂದ ಹೇಳುತ್ತಾಳೆ.