ನೆಮ್ಮದಿ ತಃಖ್ತೆಗೆ ಮಾದರಿ ಸಹಿ

೧೯೬೧ನೇ ಇಸವಿ ಜೂನ್ ಒಂದನೇ ತಾರೀಕಿನಿಂದ ಸುಳ್ಯದ ಗ್ರಾಮ ನೆಮ್ಮದಿ ಉಪಕಚೇರಿಯಲ್ಲಿ ಮನಸ್ಸಿನ ಒತ್ತಡವನ್ನು ರದ್ದುಪಡಿಸಲಾಯಿತು. ಗೋಡೆಗೆ ಹಚ್ಚಿದ ಆದೇಶದ ಅಂಟು ಒಣಗುವ ಮೊದಲೇ ಅದು ಜಾರಿಗೆ ಬಂತು.

ನಿಯಮಗಳನ್ನು ಬರೆದವರು ಹೆಡ್ ಗುಮಾಸ್ತ ತೀರ್ಥರಾಮರು. ಸಾಹೇಬರು ಮೆಚ್ಚಲಿ ಎಂದು ಹುರುಪಿನಿಂದಲೇ ಬರೆದಿದ್ದರು. ನಾಲ್ಕನೆಯದು ಅವರಿಗೇ ಬಹಳ ಹಿಡಿಸಿತ್ತು: 'ನೌಕರನು ಸಂಕಟದ ಮೂಲವನ್ನು ನಿವಾರಿಸಬಹುದು, ಇಲ್ಲವೇ ಸಂಕಟಕ್ಕೆ ಒಗ್ಗಿಕೊಳ್ಳಬಹುದು. ನಿವಾರಿಸಲು ಪುತ್ತೂರಿನ ಮೇಲಿನ ಕಚೇರಿಯ ಮಂಜೂರಾತಿ ಅಗತ್ಯ. ಒಗ್ಗಿಕೊಳ್ಳಲು ಅಗತ್ಯವಿಲ್ಲ.'

ಪ್ರತಿ ಶನಿವಾರ ಹದಿನಾರು ನೌಕರರ ನೆಮ್ಮದಿಗೆ ನೂರರಲ್ಲಿ ಅಂಕ ಹಾಕಿ, ಆ ಅಂಕಪಟ್ಟಿಯ ತಃಖ್ತೆಯನ್ನು ಮೂರು ಪ್ರತಿ ಬರೆದು ಪುತ್ತೂರಿಗೆ ಕಳಿಸಬೇಕು. ಅದನ್ನು ಬರೆಯುವುದೂ ತೀರ್ಥರಾಮರೇ. ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಬಲಗೈ ನಡುಗತೊಡಗಿತು, ಎದೆ ಡವಗುಟ್ಟತೊಡಗಿತು. ಹತ್ತು ದಿನ ವಿಶ್ರಾಂತಿ ತೆಗೆದುಕೊಳ್ಳದಿದ್ದರೆ ಹೃದಯಕ್ಕೇ ಅಪಾಯ ಎಂದರು ಡಾಕ್ಟರು. ತೀರ್ಥರಾಮರಿಗೆ ನಿಜಕ್ಕೂ ಹೆದರಿಕೆಯಾಯಿತು. ರಜೆಯ ಅರ್ಜಿ ಹಿಡಿದು ಸಾಹೇಬ ಮಹಾಬಲರ ಮುಂದೆ ನಿಂತರು.

"ನಿಮಗೆಂತ ಒತ್ತಡ ಮಾರಾಯ್ರೆ? ಕಳೆದ ಶನಿವಾರದ ತಃಖ್ತೆಯಲ್ಲಿ ನಿಮ್ಮ ನೆಮ್ಮದಿ ಎಷ್ಟು ಉಂಟು?"

"ನೂರಕ್ಕೆ ನೂರು, ಸಾರ್."

"ಹಾಕಿದ್ದು ಯಾರು?"

"ನಾನೇ. ಕಡಿಮೆ ಹಾಕಿದ್ರೆ ಕಾರಣ ಬರೀಬೇಕಲ್ಲ ಸಾರ್, ಅದೂ ಮೂರು ಪ್ರತಿ."

"ನೂರು ಇರುವವರಿಗೆ ವಿಶ್ರಾಂತಿ ಕೊಡ್ಲಿಕ್ಕೆ ಇಲ್ಲ. ಕಳಿಸಿದ ಅಂಕ ತಿದ್ದಿದ್ರೆ ಕೆಲಸವೇ ಹೋಗ್ತದೆ. ಒಂಬತ್ತನೇ ನಿಯಮ. ಯಾವ ಪುಣ್ಯಾತ್ಮ ಬರೆದದ್ದೋ!"

ಪುಣ್ಯಾತ್ಮರು ತಲೆ ತಗ್ಗಿಸಿ, "ಒಗ್ಗಿಕೊಳ್ತೇನೆ ಸಾರ್" ಎಂದರು. ತನ್ನಷ್ಟು ಅಚ್ಚುಕಟ್ಟಾಗಿ ತನ್ನ ಗುಂಡಿ ತಾನೇ ತೋಡಿಕೊಂಡವರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ಅವರಿಗೇ ನಗು ಬಂತು.

ಆ ವಾರದ ತಃಖ್ತೆ ಪುತ್ತೂರಿನಿಂದ ವಾಪಸು ಬಂತು. ನಡುಗಿದ ಸಹಿ ಅಲ್ಲಿದ್ದ ಮಾದರಿಗೆ ತಾಳೆಯಾಗಲಿಲ್ಲವಂತೆ. ಮಹಾಬಲರು ನಡುಗುವ ಸಹಿಯನ್ನೇ ಹೊಸ ಮಾದರಿಯೆಂದು ಮಂಜೂರು ಮಾಡಿಸಿದರು. ಸಂಕಟದ ಮೂಲವನ್ನು ನಿವಾರಿಸಿದ ಮೊದಲ ಪ್ರಕರಣವೆಂದು ಪುತ್ತೂರಿನವರು ಅಭಿನಂದನೆಯನ್ನೂ ಕಳಿಸಿದರು.

ದೀಪಾವಳಿಗೆ ಕಚೇರಿ ಮೂರು ದಿನ ಮುಚ್ಚಿತ್ತು. ತೀರ್ಥರಾಮರು ಉಂಡು, ಮಲಗಿ, ಹೆಂಡತಿ ದೇವಮ್ಮನ ಬೈಗುಳ ಕೇಳಿಕೊಂಡು ಸುಖವಾಗಿದ್ದರು. ನಾಲ್ಕನೆಯ ದಿನ ಕೈ ನಡುಗಲಿಲ್ಲ. ಸಹಿ ಮುತ್ತು ಪೋಣಿಸಿದ ಹಾಗೆ ಬಂತು.

ಮಹಾಬಲರು ಹೌಹಾರಿದರು. "ಎಂತ ಮಾಡಿದ್ರಿ ಇದು? ಕಳ್ಳ ಸಹಿ ಅಂತ ಹೇಳ್ತಾರೆ ಪುತ್ತೂರಿನವರು!"

ತೀರ್ಥರಾಮರಿಗೆ ನಾಚಿಕೆಯಾಯಿತು. ಕ್ಷಮೆ ಕೇಳಿದರು. ಪ್ಯೂನ್ ಚನಿಯಪ್ಪನನ್ನು ಕರೆದು ಮೊಣಕೈ ಅಲ್ಲಾಡಿಸಲು ಹೇಳಿ, ಮೂರೂ ಪ್ರತಿಗೆ ಸಹಿ ಹಾಕಿದರು.

ಎರಡು ಶನಿವಾರ ಕಳೆಯುವಷ್ಟರಲ್ಲಿ ಚನಿಯಪ್ಪನ ಅಗತ್ಯ ಉಳಿಯಲಿಲ್ಲ. ಕೈ ತಾನಾಗಿಯೇ ನಡುಗತೊಡಗಿತು. ಕಚೇರಿಯಲ್ಲಿ ಎಲ್ಲರಿಗೂ ಸಮಾಧಾನವಾಯಿತು, ಎಲ್ಲರಿಗಿಂತ ಹೆಚ್ಚು ತೀರ್ಥರಾಮರಿಗೆ.