ಮಾವನ ಪಿಕಪ್ಪಿಗೆ ಥಂಡಿಯಾದದ್ದು

ನಮ್ಮ ಸೋದರಮಾವನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಕಾಯಿಲೆ. ಒಂದು ಥಂಡಿ, ಇನ್ನೊಂದು ಸೆಖೆ! ಮೂವತ್ತು ವರ್ಷ ರೇಷ್ಮೆಹುಳು ಸಾಕಿದವರು ಬೇರೇನು ಹೇಳಿಯಾರು? ನಾನು ಪಿಯುಸಿಯಲ್ಲಿ ಫೇಲಾದಾಗ ಅವರು ಬೈಯಲಿಲ್ಲ. ಬಂದು ನನ್ನ ಕೋಣೆಯ ಕಿಟಕಿ ಮುಚ್ಚಿ ಹೋದರು.

ಹೋದ ಚಳಿಗಾಲದಲ್ಲಿ ಇಂಥವರ ಪಿಕಪ್ಪಿನಲ್ಲಿ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡಿತು. ಈಗಿನ ಗಾಡಿಗಳಿಗೆ ಡೀಸೆಲ್ ಒಂದೇ ಸಾಲದು, ಹೊಗೆ ಶುದ್ಧವಾಗಲು ಬೇರೆ ಟ್ಯಾಂಕಿನಲ್ಲಿ ಯೂರಿಯಾ ನೀರೂ ಬೇಕು. ಆ ನೀರು ಚಳಿಗೆ ಗಡ್ಡೆ ಕಟ್ಟದಿರಲೆಂದು ಒಳಗೊಂದು ಹೀಟರ್. ಅದು ಕೆಟ್ಟಿತ್ತು. ನಮ್ಮ ತಾಯಲೂರಿನಲ್ಲಿ ಹಿಮ ಬೀಳುವುದಿರಲಿ, ಮಳೆ ಬಿದ್ದರೇ ಫೋಟೊ ತೆಗೆದು ನೆಂಟರಿಗೆ ಕಳಿಸುತ್ತೇವೆ! ಗಾಡಿಯ ಕಂಪ್ಯೂಟರಿಗೆ ಇದನ್ನು ತಿಳಿಸುವವರು ಯಾರು? ಇನ್ನು ಅರವತ್ತು ಕಿಲೋಮೀಟರ್, ಆಮೇಲೆ ಸ್ಟಾರ್ಟ್ ಆಗುವುದಿಲ್ಲ ಎಂದು ಅದು ಬರೆದು ತೋರಿಸಿತು.

ಗುರುವಾರ ಕೋಲಾರದಲ್ಲಿ ನಮ್ಮಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್. ಒಂದು ಕಣ್ಣು ಮೊದಲೇ ಹೋಗಿದೆ, ಉಳಿದದ್ದು ಇದೊಂದೇ. ಬಸ್ಸು, ಕಾರು ಯಾವುದು ಹತ್ತಿದರೂ ಅಮ್ಮನಿಗೆ ವಾಂತಿ. ಆಪರೇಷನ್ ಆದಮೇಲೆ ವಾಂತಿ ಆಗಲೇಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಮ್ಮನ ಹೊಟ್ಟೆ ಒಪ್ಪುವುದು ತನ್ನ ತಮ್ಮನ ಪಿಕಪ್ಪಿನ ಮುಂದಿನ ಸೀಟನ್ನು ಮಾತ್ರ. ಅರವತ್ತು ಕಿಲೋಮೀಟರಿನಲ್ಲಿ ಕೋಲಾರಕ್ಕೆ ಹೋಗಬಹುದು, ವಾಪಸು ಬರಲಾಗದು.

ಮುಳಬಾಗಿಲಿನ ಮೆಕ್ಯಾನಿಕ್ ಭಾಯ್ ಮನೆಗೇ ಬಂದು ನೋಡಿದರು. ಹೀಟರ್ ಬೆಂಗಳೂರಿನಿಂದ ಬರಬೇಕು, ಬುಧವಾರ ಆಗುತ್ತದೆ ಎಂದರು. ಅಷ್ಟರಲ್ಲಿ ಮಾವ ಹುಳುಮನೆಯ ಥರ್ಮಾಮೀಟರ್ ತಂದು ಯೂರಿಯಾ ಟ್ಯಾಂಕಿಗೆ ಕಟ್ಟಿಬಿಟ್ಟಿದ್ದರು.

"ನೋಡಿ ಭಾಯ್, ಇಪ್ಪತ್ತಾರು ಡಿಗ್ರಿ ಐತೆ. ಹುಳಕ್ಕೇ ಇಷ್ಟು ಸಾಕು, ಇದಕ್ಕೇನಂತೆ ರೋಗ?"

"ಯೂರಿಯಾಗೆ ಏನೂ ಇಲ್ಲ ಯಜಮಾನ್ರೇ. ಹೀಟರ್ ಇಲ್ಲ ಅಂತ ಕಂಪ್ಯೂಟರ್ ಕೋಪ ಮಾಡ್ಕೊಂಡೈತೆ."

ಕೋಪಕ್ಕೂ ಮಾವನಲ್ಲಿ ಅದೇ ಔಷಧ. ಟ್ಯಾಂಕಿಗೆ ಕಂಬಳಿ ಸುತ್ತಿದರು. ಬೆಳಗ್ಗೆ ಟ್ಯಾಂಕಿನ ಮಗ್ಗುಲು ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ. ಗಾಡಿ ತಿರುಗಿಸುವುದರಲ್ಲಿ ಕಿಲೋಮೀಟರ್ ಖರ್ಚಾಗಬಾರದಲ್ಲ, ಹಾಗಾಗಿ ನಾವು ತಳ್ಳಬೇಕು! ಮೂರು ದಿನ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಂದು ಪಿಕಪ್ಪಿಗೆ ಬಿಸಿಲು ಕಾಯಿಸಿದೆವು. ಮಾವನ ಹೊಲದ ಟೊಮೇಟೊ ಪಕ್ಕದ ಮನೆಯ ಟ್ರ್ಯಾಕ್ಟರಿನಲ್ಲಿ ಮಂಡಿಗೆ ಹೋಯಿತು.

ಬುಧವಾರ ಭಾಯ್ ಟ್ಯಾಂಕು ಬರಿದು ಮಾಡಿ, ಕೆಳಗಿಳಿಸಿ, ಹಳೆಯ ಹೀಟರ್ ಹೊರತೆಗೆದರು. ಮೈತುಂಬ ಬಿಳಿ ಉಪ್ಪು ಕಟ್ಟಿತ್ತು. ಸುಣ್ಣಕಟ್ಟು ರೋಗ ಬಂದ ಹುಳವೂ ಹೀಗೇ ಬೆಳ್ಳಗಾಗುತ್ತದೆಂದು ಮಾವ ತಲೆಯಾಡಿಸಿದರು. ಹೊಸದನ್ನು ಕೂರಿಸಿ, ಹೊಸ ಯೂರಿಯಾ ತುಂಬಿ, ಕಂಪ್ಯೂಟರಿನ ದೂರು ಅಳಿಸಿದಾಗ ದೀಪ ಆರಿತು. ಭಾಯ್ ಹೊರಟುಹೋದ ಮೇಲೂ ಮಾವ ಆರು ಸಲ ಸ್ಟಾರ್ಟ್ ಮಾಡಿ ನೋಡಿದರು. ಆರು ಸಲವೂ ಆಯಿತು.

ಗುರುವಾರ ಅಮ್ಮನ ಆಪರೇಷನ್ ಸಲೀಸಾಗಿ ಮುಗಿಯಿತು. ಮಾವನಿಗೆ ಹೇಳೋಣವೆಂದು ಹೊರಗೆ ಬಂದೆ. ಆಸ್ಪತ್ರೆಯ ಎದುರು ಪಿಕಪ್ಪು ಗುರುಗುಟ್ಟುತ್ತಿತ್ತು. ಇಳಿಜಾರು ಬಂದರೆ ಎಂಜಿನ್ ಆರಿಸಿ ಡೀಸೆಲ್ ಉಳಿಸುವ ಮನುಷ್ಯ, ಮೂರು ಗಂಟೆಗಳಿಂದ ಗಾಡಿ ಆರಿಸಿಯೇ ಇಲ್ಲ! ವಾಚ್‌ಮನ್ ಎರಡು ಸಲ ಬಂದು ಗದರಿದ್ದನಂತೆ. ಹೊಸ ಹೀಟರ್ ಹಾಕಿಸಿದ್ದೀರಿ, ಇನ್ನೇನು ಮಾವ ಎಂದು ನಾನೂ ರೇಗಿದೆ.

ಮಾವ ಸ್ಟೀರಿಂಗ್ ಹಿಡಿದೇ ಇದ್ದರು. "ಆರಿಸಿ, ಆಮೇಲೆ ಸ್ಟಾರ್ಟ್ ಆಗ್ದಿದ್ರೆ? ಕಣ್ಣು ಕಟ್ಟಿರೋ ಅಕ್ಕನ್ನ ಬೀದೀಲಿ ನಿಲ್ಲಿಸ್ಲೇನ್ಲಾ?"

 

ಒಳಗೆ ಹೋಗಿ ಅಮ್ಮನ ಕೈಹಿಡಿದು ನಡೆಸಿಕೊಂಡು ಬಂದೆ. ಮೆಟ್ಟಿಲು ಇಳಿದವಳು ಒಂದು ಕ್ಷಣ ನಿಂತು ಆಲಿಸಿದಳು.

"ಬಿಡೋ ಕೈ. ನನ್ ತಮ್ಮ ಅಲ್ಲೇ ಅವ್ನೆ" ಎಂದವಳೇ, ಆ ಸದ್ದಿನ ಕಡೆಗೆ ಒಬ್ಬಳೇ ನಡೆದಳು.