ಇಪ್ಪತ್ತೆರಡು ವರ್ಷಗಳ ಹೂಂ

ನಮ್ಮ ಮನೆಗೆ ಕರೆಂಟಿನ ಸ್ಕೂಟರ್ ಬಂದದ್ದು ನನ್ನ ಸಂಪೂರ್ಣ ಒಪ್ಪಿಗೆಯಿಂದ. ಈ ವಿಷಯ ನನಗೆ ಗೊತ್ತಾದದ್ದು ಮಾತ್ರ ಅದು ಬಂದ ಮೇಲೆ.

ಮಧ್ಯಾಹ್ನ ಊಟಕ್ಕೆಂದು ಗ್ಯಾರೇಜಿನಿಂದ ಮನೆಗೆ ಬಂದರೆ ಬಾಗಿಲೆದುರು ಹಾಲಿನಂಥ ಬಿಳಿ ಗಾಡಿಯೊಂದು ನಿಂತಿತ್ತು. ಬಟ್ಟೆ ಹೊಲಿಸಲು ಬಂದವರದಿರಬೇಕು (ನನ್ನ ಹೆಂಡತಿ ಟೈಲರ್, ನಮ್ಮ ಮುಂದಿನ ಕೋಣೆಯೇ ಅವಳ ಅಂಗಡಿ) ಎಂದುಕೊಂಡು ಪಕ್ಕಕ್ಕೆ ಸರಿಸಲು ಕೈ ಚಾಚಿದೆ.

"ರೀ, ಆ ಗ್ರೀಸ್ ಕೈಲಿ ಮುಟ್ಟಬೇಡಿ!" ಎಂದು ಒಳಗಿನಿಂದ ಕೂಗು ಬಂತು. "ಅದು ನಮ್ಮದೇ."

"ನಮ್ಮದಾ? ನನ್ನ ಒಂದು ಮಾತು ಕೇಳ್ದೆ?"

"ಕೇಳ್ದೆ ಅಂದ್ರೆ? ಒಂದಲ್ಲ, ನಾಲ್ಕು ಸಲ ಕೇಳಿದ್ದೀನಿ. ಬೈಕಲ್ಲಿ ಹೋಗ್ತಾ. ನಾಲ್ಕು ಸಲಾನೂ ಹೂಂ ಅಂದ್ರಿ."

ನನ್ನ ಬಾಯಿಗೆ ಬೀಗ ಬಿತ್ತು. ಯಾಕೆ ಬಿತ್ತು ಎಂಬುದನ್ನು ನಿಮಗೆ ಮಾತ್ರ ಹೇಳುತ್ತೇನೆ, ದಯವಿಟ್ಟು ನಿಮ್ಮಲ್ಲೇ ಇರಲಿ.

ನಾನು ಪೆಟ್ರೋಲ್ ಬೈಕುಗಳ ಮೆಕ್ಯಾನಿಕ್. ಸುತ್ತಮುತ್ತಲಿನವರು ನನ್ನನ್ನು ಕರೆಯುವುದು 'ಕಿವಿ ಮೇಸ್ತ್ರಿ' ಎಂದು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟರೆ ಸಾಕು, ರೋಗ ತಾನಾಗಿ ಬಾಯಿ ಬಿಡುತ್ತದೆ. ರಸ್ತೆಯ ತಿರುವಿನಲ್ಲಿರುವ ಬೈಕಿನ ಸದ್ದು ಕೇಳಿಯೇ ಸಡಿಲವಾಗಿರುವುದು ವಾಲ್ವೋ, ಚೈನೋ, ಅಥವಾ ಓಡಿಸುವವನ ತಲೆಯೋ ಎಂದು ಹೇಳಿಬಿಡಬಲ್ಲೆ. ಇಂಥ ಕರ್ಣಪಿಶಾಚಿ ಒಲಿದ ನನ್ನ ಸ್ವಂತ ಬೈಕು ಹೇಗಿತ್ತೆಂದರೆ, ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಹಾಗೆ. ನಮ್ಮ ಮದುವೆಗೂ ಅದಕ್ಕೂ ಇಪ್ಪತ್ತೆರಡೇ ವರ್ಷ. ಎರಡರಲ್ಲಿ ಸದ್ದು ಹೆಚ್ಚು ಯಾವುದರದು ಎಂದು ಅಕ್ಕಪಕ್ಕದವರಲ್ಲಿ ಚರ್ಚೆ ನಡೆಯುತ್ತಿತ್ತು.

ಆ ಬೈಕಿನ ಮೇಲೆ ಹಿಂದೆ ಕೂತು ನನ್ನಾಕೆ ಮಾತಾಡುತ್ತಿದ್ದಳು. ಮುಂದೆ ನನ್ನ ತಲೆಯ ಮೇಲೆ ಹೆಲ್ಮೆಟ್, ಮುಖಕ್ಕೆ ಗಾಳಿ, ಕಾಲಡಿಯಲ್ಲಿ ಎಂಜಿನ್ನಿನ ಆರ್ಭಟ. ಅವಳು ಮಾತಾಡುತ್ತಿದ್ದಾಳೆ ಎಂಬಷ್ಟು ಮಾತ್ರ ನನಗೆ ತಿಳಿಯುತ್ತಿತ್ತು. ಏನು ಎಂಬುದು ದೇವರಾಣೆಗೂ ತಿಳಿಯುತ್ತಿರಲಿಲ್ಲ. "ಏನೇ?" ಎಂದು ಕೇಳಿದರೆ ಗಾಡಿ ನಿಲ್ಲಿಸಬೇಕು, ನಿಲ್ಲಿಸಿದರೆ ಮತ್ತೆ ಶುರುವಾಗಲು ಅದಕ್ಕೆ ಹನ್ನೆರಡು ಒದೆ ಬೇಕು. ಆದ್ದರಿಂದ ಹೂಂ ಎಂಬ ಏಕಾಕ್ಷರ ಮಂತ್ರವನ್ನು ಜಪಿಸಿಕೊಂಡೇ ಸಂಸಾರ ನಡೆಸಿದೆ.

ಮಂತ್ರಕ್ಕೆ ಫಲವೂ ಸಿಕ್ಕಿತು. ಹತ್ತು ದಿನಕ್ಕೆಂದು ಬಂದ ಭಾವಮೈದುನ ಏಳು ತಿಂಗಳು ಇದ್ದದ್ದು ನನ್ನ ಹೂಂನಿಂದಲೇ ಅಂತೆ. ನಾನು ಕಾಲು ಚಾಚಿ ಪೇಪರ್ ಓದುತ್ತಿದ್ದ ಮುಂದಿನ ಕೋಣೆ ಟೈಲರ್ ಅಂಗಡಿಯಾದದ್ದೂ ಹಾಗೆಯೇ. ಒಂದು ಭಾನುವಾರ ಕ್ಷೌರದಂಗಡಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವನು ಕಣ್ಣು ಬಿಟ್ಟಾಗ ಮೀಸೆ ಇರಲಿಲ್ಲ. "ಅಕ್ಕ ಫೋನ್ ಮಾಡಿದ್ರು, ನೀವು ಒಪ್ಪಿದ್ದೀರಂತೆ" ಎಂದ ಕ್ಷೌರದವನು. ಮೌನಂ ಸಮ್ಮತಿ ಲಕ್ಷಣಂ ಎಂದವರಿಗೆ ಹೂಂ ಎಂಬುದರ ಲಕ್ಷಣ ಗೊತ್ತಿರಲಿಲ್ಲ.

"ನನಗೆ ಕೇಳಿಸಿರಲಿಲ್ಲ ಕಣೇ" ಎಂದು ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳಲಿ? ಇಡೀ ಬೀದಿಯ ವಾಲ್ವುಗಳ ಸದ್ದು ಕೇಳುವ ಕಿವಿ ಮೇಸ್ತ್ರಿಗೆ ಒಂದು ಗೇಣು ಹಿಂದೆ ಕೂತ ಹೆಂಡತಿಯ ಮಾತು ಕೇಳಿಸಲಿಲ್ಲ ಎಂದರೆ ಗ್ಯಾರೇಜಿನ ಬಾಗಿಲು ಹಾಕಬೇಕು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಮನೆಯಲ್ಲಿ ನಾನು ಅವಳ ಎಲ್ಲ ಮಾತಿಗೂ ಅಡ್ಡ ಹಾಕುವವನು. ಬೈಕಿನ ಮೇಲೊಂದೇ ಕಡೆ ಗಂಡ ತನ್ನ ಮಾತು ಕೇಳುತ್ತಾನೆ ಎಂದು ಅವಳು ನಂಬಿಕೊಂಡಿದ್ದಾಳೆ. ಆ ನಂಬಿಕೆಯನ್ನು ಕಿತ್ತುಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ಹಾಗಾಗಿ, "ಹೌದಲ್ಲ, ನಾನೇ ಹೂಂ ಅಂದಿದ್ದೆ" ಎಂದು ಬಿಳಿ ಗಾಡಿಗೆ ಸುಸ್ವಾಗತ ಕೋರಿದೆ.

ಗಾಡಿ ತರಲು ಅವಳಿಗೆ ಕಾರಣವಿತ್ತು. ಏರಿನ ಮೇಲಿನ ಆಸ್ಪತ್ರೆಯ ದಾದಿಯರಿಗೆ ಬಿಳಿ ಕೋಟು ಹೊಲಿದುಕೊಡುವ ಕೆಲಸ ಅವಳದು. ನನ್ನ ಬೈಕಿನಲ್ಲಿ ಹೊರಟ ಬಿಳಿ ಕೋಟುಗಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊಗೆ ಕುಡಿದು ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಸಾಲದ್ದಕ್ಕೆ ಅರ್ಧ ಏರಿನಲ್ಲಿ ಬೈಕು ಉಬ್ಬಸ ಹಿಡಿದು ನಿಲ್ಲುತ್ತಿತ್ತು. ಅವಳು ಗಂಟಿನ ಸಮೇತ ಇಳಿದು ಏರು ಹತ್ತುತ್ತಿದ್ದಳು.

ಹೊಸ ಗಾಡಿಯಿಂದ ತಾಪತ್ರಯವೇನೂ ಕಡಿಮೆ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಇರುವುದು ಒಂದೇ ಪ್ಲಗ್ಗು. ಹೊಲಿಗೆ ಯಂತ್ರ ಉಂಡರೆ ಸ್ಕೂಟರ್ ಉಪವಾಸ, ಸ್ಕೂಟರ್ ಉಂಡರೆ ಯಂತ್ರ ಉಪವಾಸ. ಕೊನೆಗೆ ಅಡುಗೆಮನೆಯಿಂದ ಉದ್ದಕ್ಕೆ ವೈರು ಎಳೆದೆವು. ಅದಕ್ಕೆ ದಿನಕ್ಕೆರಡು ಬಾರಿ ಎಡವುವುದು ನನ್ನ ಪಾಲಿನ ವ್ಯಾಯಾಮವಾಯಿತು. "ಎಷ್ಟಿದೆ ಈಗ?" ಎಂದು ನನ್ನಾಕೆ ಗಂಟೆಗೊಮ್ಮೆ ಚಾರ್ಜು ವಿಚಾರಿಸುವ ಧಾಟಿ ಕೇಳಿದವರು ಮನೆಯಲ್ಲಿ ಯಾರಿಗೋ ಜ್ವರ ಎಂದುಕೊಳ್ಳುತ್ತಿದ್ದರು.

ಗ್ಯಾರೇಜಿನ ಮುಂದೆ ಮೊದಲ ಸಲ ಅದನ್ನೇರಿದಾಗ ಗುಂಡಿ ಒತ್ತಿದೆ, ಸದ್ದಿಲ್ಲ. ಶುರುವಾಗಿಲ್ಲ ಎಂದುಕೊಂಡು ಹಿಡಿಕೆ ತಿರುಗಿಸಿದೆ ನೋಡಿ, ಪಕ್ಕದ ಪಂಕ್ಚರ್ ಅಂಗಡಿಯವನ ನೀರಿನ ತೊಟ್ಟಿಯಲ್ಲಿ ನಾನಿದ್ದೆ. "ಮೇಸ್ತ್ರಿ, ಟ್ಯೂಬ್ ಅದ್ದೋ ಜಾಗ ಅದು, ನೀವ್ಯಾಕೆ ಇಳಿದ್ರಿ?" ಎಂದ ಆ ಕಿಡಿಗೇಡಿ. ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಇಟ್ಟು ಕಿವಿಗೊಟ್ಟೆ. ಕೇಳಿಸಿದ್ದು ನನ್ನದೇ ಎದೆಬಡಿತ.

ಆದರೆ ಆ ಏರು! ಕೋಟಿನ ಗಂಟು, ನನ್ನಾಕೆ, ನಾನು, ಮೂವರನ್ನೂ ಹೊತ್ತು ಗಾಡಿ ಅಲ್ಲೊಂದು ಏರಿದೆ ಎಂಬುದನ್ನೇ ಲೆಕ್ಕಿಸದೆ ಮೇಲೆ ಹೋಯಿತು. ನನಗೆ ಹೊಟ್ಟೆ ಉರಿಯಿತು. ಅರ್ಧ ಏರಿನಲ್ಲಿ, ಅವಳು ಪ್ರತಿಸಲ ಇಳಿಯುತ್ತಿದ್ದ ಮರದ ಹತ್ತಿರ, ಹೊಟ್ಟೆಯುರಿ ಹೋಗಿ ಮೆಚ್ಚುಗೆ ಬಂತು. ಆಸ್ಪತ್ರೆಯ ಬಾಗಿಲಲ್ಲಿ ಗಂಟು ಬಿಚ್ಚಿದರೆ ಕೋಟುಗಳು ಹೊಲಿದಾಗ ಎಷ್ಟು ಬೆಳ್ಳಗಿದ್ದವೋ ಅಷ್ಟೇ ಬೆಳ್ಳಗಿದ್ದವು. ಮೂವತ್ತು ವರ್ಷ ಹೊಗೆಯಲ್ಲೇ ಅನ್ನ ಕಂಡ ನಾನು ಮನಸ್ಸಿನಲ್ಲೇ ಆ ಗಾಡಿಗೆ ಕೈ ಮುಗಿದೆ.

ಎಡವಟ್ಟಾದದ್ದು ವಾಪಸ್ ಏರು ಇಳಿಯುವಾಗ.

"ರೀ, ನನ್ನ ತಮ್ಮನ್ನ ಮತ್ತೆ ಒಂದ್ ಹತ್ತು ದಿನ ಕರೆಸ್ಕೊಳ್ಳೋಣ್ವಾ?"

ಅಕ್ಷರ ಅಕ್ಷರವೂ ಕೇಳಿಸಿತು! ಗಾಬರಿಯಲ್ಲಿ, "ಯಾಕೇ? ಹೋದ ಸಲದ ಹತ್ತು ದಿನ ಇನ್ನೂ ಮುಗಿದಿಲ್ಲ ಅನ್ಸುತ್ತೆ ನಂಗೆ" ಎಂದುಬಿಟ್ಟೆ.

ಹಿಂದಿನಿಂದ, "ಬೈಕ್ ಮೇಲೆ ನೀವು ಹೀಗಿರ್ಲಿಲ್ಲ" ಎಂಬ ಮಾತು ಬಂತು. ಧ್ವನಿ ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಹೀಗೇ ಎಲ್ಲವೂ ಕೇಳಿಸುತ್ತಾ, ಎಲ್ಲದಕ್ಕೂ ಉತ್ತರ ಕೊಡುತ್ತಾ ಹೋದರೆ ಇಪ್ಪತ್ತೆರಡು ವರ್ಷಗಳ ಗುಟ್ಟು ರಟ್ಟಾಗುವುದಕ್ಕೆ ಎಷ್ಟು ಹೊತ್ತು?

ಆಗ ಹೊಳೆಯಿತು ನನ್ನ ಆ ಮಹೋಪಾಯ. ಮಾರನೆಯ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಸ್ಕೂಟರಿನ ಮುಂದಿನ ಮಡ್‌ಗಾರ್ಡಿನ ಸ್ಕ್ರೂಗಳನ್ನು ಎರಡೆರಡು ಸುತ್ತು ಸಡಿಲಿಸಿದೆ. ಜೀವಮಾನವಿಡೀ ಗಾಡಿಗಳ ಸದ್ದು ಅಡಗಿಸಿದ ಕೈ ಮೊದಲ ಬಾರಿಗೆ ಸದ್ದು ಹುಟ್ಟಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು, ಒಪ್ಪುತ್ತೇನೆ. ಆದರೆ ಎಂಥ ಗಡಗಡ ಅಂತೀರಿ! ಹಿಂದಿನಿಂದ ಏನೋ ಪ್ರಶ್ನೆ ಬಂತು. ಆನಂದದಿಂದ ಹೂಂ ಎಂದೆ.

ಮಧ್ಯಾಹ್ನ ನನ್ನಾಕೆ ಗಡಗಡಿಸುತ್ತಾ ನೇರ ಗ್ಯಾರೇಜಿನ ಮುಂದೆ ಬಂದು ನಿಂತಳು. ಹೆಗಲಲ್ಲಿ ಹೊಲಿಗೆಯ ಚೀಲ. ನಾಲ್ಕು ಜನ ಗಿರಾಕಿಗಳಿದ್ದರು, ಪಂಕ್ಚರ್‌ನವನಂತೂ ಇದ್ದೇ ಇದ್ದ.

"ರೀ, ಇದೇನೋ ಸದ್ದು. ಸ್ವಲ್ಪ ಕಿವಿ ಕೊಡಿ."

ಅತ್ತ ದರಿ, ಇತ್ತ ಪುಲಿ. ಸದ್ದು ಹಿಡಿದರೆ ಸಂಸಾರ ಕೆಡುತ್ತದೆ, ಹಿಡಿಯದಿದ್ದರೆ ಹೆಸರು ಕೆಡುತ್ತದೆ. ಮಡ್‌ಗಾರ್ಡ್ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿ ಆಲಿಸಿದೆ. "ಎಲ್ಲೋ ತುಂಬಾ ಒಳಗಿಂದ ಬರ್ತಿದೆ. ನಮ್ಮ ಕೈಲಿ ಆಗೋದಲ್ಲ" ಎಂದೆ.

"ಅಯ್ಯೋ! ಕಿವಿ ಮೇಸ್ತ್ರಿಗೇ ಸಿಗದ ಸದ್ದಾ?" ಎಂದು ಪಂಕ್ಚರ್‌ನವನು ಟ್ಯೂಬು ಕೈಬಿಟ್ಟ. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಮೂವತ್ತು ವರ್ಷದ ಹೆಸರು ಕಣ್ಣೆದುರಿಗೇ ಗಾಳಿ ಹೋದ ಚಕ್ರದಂತೆ ಕುಸಿಯತೊಡಗಿತು.

ನನ್ನಾಕೆ ಅಷ್ಟರಲ್ಲಿ ಬಗ್ಗಿ ಮುಂದಿನ ಚಕ್ರ ನೋಡುತ್ತಿದ್ದಳು. ಅಲ್ಲಿ, ಒಂದು ಚುಕ್ಕೆ ಕಪ್ಪಿಲ್ಲದ ಆ ಬಿಳಿ ಮಡ್‌ಗಾರ್ಡಿನ ನಡುಮಧ್ಯೆ, ಸರ್ಕಾರಿ ಕಾಗದಕ್ಕೆ ಒತ್ತಿದಷ್ಟು ಅಚ್ಚುಕಟ್ಟಾಗಿ, ಗ್ರೀಸಿನ ಒಂದು ಹೆಬ್ಬೆಟ್ಟಿನ ಗುರುತು. ನನ್ನ ಹಳೆಯ ಬೈಕಿನ ಮೇಲಾಗಿದ್ದರೆ ಅಂಥ ಸಾವಿರದಲ್ಲಿ ಅದೂ ಒಂದಾಗಿರುತ್ತಿತ್ತು. ಶುದ್ಧ ಗಾಡಿಯ ದೊಡ್ಡ ಅನಾನುಕೂಲ ಇದು. ಅವಳು ತಲೆಯೆತ್ತಿ ನೋಡಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಚೀಲದಿಂದ ಬಟ್ಟೆಯ ಚೂರೊಂದನ್ನು ತೆಗೆದು ಗುರುತನ್ನು ನಿಧಾನವಾಗಿ ಒರೆಸಿದಳು. ಪಂಕ್ಚರ್‌ನವನ ಕಡೆ ತಿರುಗಿ, "ಇವ್ರು ಹೇಳಿದ್ದು ಸರಿಯಪ್ಪ, ಒಳಗಿಂದೇ ಬರ್ತಿದೆ. ಒಳಗಿನವರದೇ ಕೈವಾಡ" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಆದರೂ "ನೋಡಿದ್ರಾ, ಮೇಸ್ತ್ರಿ ಕಿವಿ ಅಂದ್ರೆ ಕಿವಿ" ಎಂದ. ನನ್ನ ಹೆಸರು ಉಳಿಯಿತು.

ಇಬ್ಬರೂ ಹೊರಟೆವು. ಜನವಿಲ್ಲದ ರಸ್ತೆ ಬಂದಾಗ ಬೆನ್ನಿಗೊಂದು ತಿವಿತ ಬಿತ್ತು, ಗಾಡಿ ನಿಲ್ಲಿಸಿದೆ. ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಅವಳೇ ಸ್ಕ್ರೂಗಳನ್ನು ಬಿಗಿ ಮಾಡಿದಳು.

"ಯಾಕೆ ಸಡಿಲ ಮಾಡಿದ್ರಿ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಆ ಬೈಕ್ ಮೇಲೆ ನಿನ್ನ ಒಂದು ಮಾತೂ ನಂಗೆ ಕೇಳಿಸ್ತಿರ್ಲಿಲ್ಲ ಕಣೇ. ಇಪ್ಪತ್ತೆರಡು ವರ್ಷ. ಸುಮ್ನೆ ಹೂಂ ಅಂತಿದ್ದೆ" ಎಂದು ತಲೆ ತಗ್ಗಿಸಿದೆ.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಮದುವೆಯಾದ ಮೂರನೇ ತಿಂಗಳಿಂದ. ಏನೋ ಜಗಳ ಆಗಿತ್ತು. ಹಿಂದೆ ಕೂತು ಅಳ್ತಾ 'ನಿಮ್ಮನ್ನ ಬಿಟ್ಟು ತವರಿಗೆ ಹೋಗ್ಬಿಡ್ಲಾ' ಅಂತ ಕೇಳಿದೆ. ಹೂಂ ಅಂದ್ರಿ. ಮನೆ ಮುಂದೆ ಇಳಿದ ತಕ್ಷಣ 'ಊಟಕ್ಕೇನಿದೆ' ಅಂದ್ರಿ. ಆವಾಗ ಗೊತ್ತಾಯ್ತು. ಅವತ್ತಿಂದ ನೀವು ಒಪ್ಪದೇ ಇರೋದನ್ನೆಲ್ಲ ಬೈಕ್ ಮೇಲೇ ಕೇಳ್ತಾ ಬಂದೆ."

"ನಿನ್ನೆ ಧ್ವನಿ ನಡುಗ್ತಾ ಇತ್ತಲ್ಲೇ? ಅಳ್ತಿದ್ದೀಯ ಅಂದ್ಕೊಂಡೆ."

"ನಗು ತಡ್ಕೊಳ್ತಿದ್ದೆ."

ನನ್ನ ಮೀಸೆಯಿದ್ದ ಜಾಗವನ್ನು ಸವರಿಕೊಂಡೆ. "ಹಾಗಾದ್ರೆ ಈ ಸದ್ದಿಲ್ಲದ ಗಾಡಿ ಯಾಕೆ ತಂದೆ? ನಿಂಗೇ ನಷ್ಟ ಅಲ್ವಾ?"

"ಕೋಟು ಕಪ್ಪಾಗ್ತಿತ್ತಲ್ಲ" ಎಂದು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದಳು. ಆಮೇಲೆ ನನ್ನ ಮುಖ ನೋಡದೆ, "ಎಷ್ಟು ವರ್ಷ ಅಂತ ಬರೀ ಹೂಂ ಕೇಳೋದು? ಗಾಡಿ ಮೇಲೆ ಒಂದು ಸಲ ಆದ್ರೂ ನೀವು ಉಹೂಂ ಅನ್ನೋದನ್ನ ಕೇಳ್ಬೇಕು ಅನ್ನಿಸ್ತು. ಉಹೂಂ ಅನ್ಬೇಕಾದ್ರೆ ನನ್ನ ಮಾತು ಕೇಳಿಸ್ಕೊಂಡಿರ್ಬೇಕಲ್ಲ" ಎಂದಳು.

ಇಷ್ಟು ಜಾಣೆಯಾದ, ಇಷ್ಟು ತಾಳ್ಮೆಯ ಹೆಂಗಸಿನ ಜೊತೆ ಎರಡು ದಶಕ ಬಾಳಿದರೂ ನನ್ನ ಸುಪ್ರಸಿದ್ಧ ಕಿವಿಗೆ ಅದರ ಸುಳಿವು ಹತ್ತಲಿಲ್ಲವಲ್ಲ!

ಗಾಡಿ ಮತ್ತೆ ಹೊರಟಿತು. ರಸ್ತೆಗೆ ಟೈರು ತಾಗುವ ಸಣ್ಣ ಸದ್ದು, ಮರದಲ್ಲಿ ಯಾವುದೋ ಹಕ್ಕಿ, ಅಷ್ಟೇ. ಬೇಕೆಂದೇ ನಿಧಾನ ಮಾಡಿದೆ. ಕಿವಿಯನ್ನು ಪೂರ್ತಿ ಹಿಂದಕ್ಕೆ ಬಿಟ್ಟುಕೊಂಡು ಕಾದೆ. ಅವಳು ಮಾತಾಡಲಿಲ್ಲ.

"ಏನಾದ್ರೂ ಹೇಳೇ" ಎಂದೆ.

"ಏನ್ ಹೇಳ್ಲಿ? ಹೇಳೋದನ್ನೆಲ್ಲ ಆ ಬೈಕ್ ಮೇಲೇ ಹೇಳಿ ಮುಗಿಸಿದ್ದೀನಿ."

"ಹಾಗಾದ್ರೆ ಮೊದಲಿಂದ ಇನ್ನೊಂದು ಸಲ ಹೇಳು. ಈ ಸಲ ಒಂದಕ್ಷರಾನೂ ಬಿಡದೆ ಕೇಳ್ತೀನಿ. ಹೇಳ್ತೀಯಾ?"

ಎಂಥ ಅದ್ಭುತವಾದ ಗಾಡಿ ನೋಡಿ ಅದು. ಎಂಜಿನ್ನಿನ ಆರ್ಭಟವಿಲ್ಲ, ಸೈಲೆನ್ಸರಿನ ಅಬ್ಬರವಿಲ್ಲ, ಕೇಳಿಸಲಿಲ್ಲ ಎನ್ನಲು ಒಂದು ನೆಪವೂ ಇಲ್ಲ. ಹಿಂದಿನಿಂದ ಬಂದ ಉತ್ತರ ನನಗೆ ಅತ್ಯಂತ ಸ್ಪಷ್ಟವಾಗಿ ಕೇಳಿಸಿತು.

"ಉಹೂಂ."